ತೊಳೆಯಬಾರದ ನೆರಿಗೆ

ಆಯುಧಪೂಜೆಯ ಹಿಂದಿನ ಸಂಜೆ ನಮ್ಮ ಬೀದಿಯ ಕಾರುಗಳಿಗೆಲ್ಲ ಅಭ್ಯಂಜನ. ಚಕ್ರದ ಸಂದಿಯ ಕೆಸರು, ಗಾಜಿನ ಅಂಚಿನ ಕೊಳೆ, ಕಾಲಡಿಯ ಮ್ಯಾಟು, ಒಂದನ್ನೂ ಬಿಡದೆ ತಿಕ್ಕುತ್ತೇವೆ. ಕೆಲವು ವರ್ಷಗಳ ಹಿಂದೆ ಅದೇ ಹುಮ್ಮಸ್ಸಿನಲ್ಲಿ ನಾನು ಡ್ಯಾಶ್‌ಬೋರ್ಡಿನ ಹಿಂದಿದ್ದ ಎಸಿ ಫಿಲ್ಟರನ್ನೂ ಎಳೆದು ತೆಗೆದೆ. ಬೂದುಬಣ್ಣಕ್ಕೆ ತಿರುಗಿದ್ದ ನೆರಿಗೆಗಳ ನಡುವೆ ಹೊಂಗೆಯ ಒಣಹೂವು, ಎಲೆಯ ತೊಟ್ಟುಗಳು, ಯಾವುದೋ ಪತಂಗದ ಒಂದು ರೆಕ್ಕೆ. ಸೋಪಿನ ಪುಡಿ ಕಲಸಿದ ಬಕೆಟ್ಟಿನಲ್ಲಿ ಅದ್ದಿ, ಜಾಲಾಡಿ, ಬಟ್ಟೆ ಒಣಹಾಕುವ ತಂತಿಗೆ ನೇತುಹಾಕಿದೆ. ಬೆಳಿಗ್ಗೆ ಹೊಸದರಂತೆ ಬೆಳ್ಳಗಿತ್ತು. ಹಾಕಿದೆ. ಒಂದು ವಾರ ಕಾರಿನೊಳಗೆ ನೆನೆದ ಗೋಣಿಚೀಲದ ವಾಸನೆ.

ವಾಸನೆ ಹೋಯಿತು. ಅದಕ್ಕಿಂತ ದೊಡ್ಡ ಎಡವಟ್ಟು ಮೂಗಿಗೆ ತಿಳಿಯುವಂಥದ್ದಲ್ಲ. ಕೊಳೆಯ ಜೊತೆಗೆ ಫಿಲ್ಟರಿನ ಕಸುವನ್ನೂ ನಾನು ತೊಳೆದುಬಿಟ್ಟಿದ್ದೆ.

ಗಾಳಿಯ ದಾರಿ

ಸಾಮಾನ್ಯವಾಗಿ ಕಾರಿನಲ್ಲಿ ಎರಡು ಏರ್ ಫಿಲ್ಟರ್‌ಗಳಿರುತ್ತವೆ. ಬಾನೆಟ್ಟಿನ ಅಡಿಯ ಡಬ್ಬಿಯಲ್ಲಿರುವುದು ಎಂಜಿನ್ನಿನ ಉಸಿರಿಗೆ, ಇನ್ನೊಂದು ನಮ್ಮ ಉಸಿರಿಗೆ. ಈ ಎರಡನೆಯದಕ್ಕೆ ಮೆಕ್ಯಾನಿಕ್‌ಗಳ ಬಾಯಲ್ಲಿ ಎಸಿ ಫಿಲ್ಟರ್ ಎಂದು ಹೆಸರು. ಪೊಟ್ಟಣದ ಮೇಲೆ ಕ್ಯಾಬಿನ್ ಫಿಲ್ಟರ್ ಅಥವಾ ಪೋಲನ್ ಫಿಲ್ಟರ್ ಎಂದಿರುತ್ತದೆ.

ಹೊರಗಿನ ಗಾಳಿ ವೈಪರ್‌ಗಳ ಬುಡದ ಜಾಲರಿಯಿಂದ ಒಳಗೆ ಬರುತ್ತದೆ. ಬ್ಲೋವರ್ ಅದನ್ನು ಎಳೆದು, ಫಿಲ್ಟರಿನ ಮೂಲಕ ಹಾಯಿಸಿ, ಇವ್ಯಾಪರೇಟರ್ ಎಂಬ ತಣ್ಣನೆಯ ಅಲ್ಯುಮಿನಿಯಂ ಜಾಲದ ಮೇಲೆ ಹರಿಸಿ, ನಮ್ಮ ಮುಖಕ್ಕೆ ಬಿಡುತ್ತದೆ. ರೀಸರ್ಕ್ಯುಲೇಶನ್ ಗುಂಡಿ ಒತ್ತಿದರೆ ಒಳಗಿನ ಗಾಳಿಯೇ ಸುತ್ತುತ್ತದೆ. ಬಹಳಷ್ಟು ಕಾರುಗಳಲ್ಲಿ ಅದೂ ಇದೇ ಫಿಲ್ಟರನ್ನು ದಾಟಿಯೇ ಬರಬೇಕು.

ಐಸ್ ನೀರು ತುಂಬಿದ ಲೋಟ ಬೆವರುವಂತೆ ಇವ್ಯಾಪರೇಟರ್ ಕೂಡ ಬೆವರುತ್ತದೆ. ಎಸಿ ಹಾಕಿ ನಿಲ್ಲಿಸಿದ ಕಾರಿನಡಿ ತೊಟ್ಟಿಕ್ಕುವುದು ಆ ನೀರೇ. ಫಿಲ್ಟರಿಲ್ಲದಿದ್ದರೆ ಈ ಒದ್ದೆ ಜಾಲಕ್ಕೆ ಧೂಳು ಅಂಟಿ, ಬೂಷ್ಟು ಹಿಡಿದು, ಎಸಿ ಹಾಕಿದ ಕೂಡಲೇ ಕಮಟು ವಾಸನೆ ಬರುತ್ತದೆ. ಅದನ್ನು ಪೂರ್ತಿ ಬಿಡಿಸಿ ಸ್ವಚ್ಛ ಮಾಡಲು ಕೆಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು. ಕೆಲವು ನೂರು ರೂಪಾಯಿಯ ಫಿಲ್ಟರ್ ತಪ್ಪಿಸುವ ಖರ್ಚು ಇದು.

ಇದು ಜರಡಿಯಲ್ಲ

ಫಿಲ್ಟರ್ ಎಂದರೆ ಹಿಟ್ಟಿನ ಜರಡಿಯ ಹಾಗೆ, ತೂತಿಗಿಂತ ದಪ್ಪನೆಯದು ಮೇಲುಳಿಯುತ್ತದೆ ಎಂದುಕೊಳ್ಳುತ್ತೇವೆ. ಹಾಗಿದ್ದರೆ ತೊಳೆದು ಬಳಸಬಹುದಿತ್ತು. ಆದರೆ ಪಿಎಂ 2.5 ಎಂದು ಕರೆಯುವ ಕಣಗಳ ಅಗಲ 2.5 ಮೈಕ್ರೋಮೀಟರ್ ಅಥವಾ ಅದಕ್ಕೂ ಕಡಿಮೆ; ತಲೆಗೂದಲು ಸುಮಾರು 70 ಮೈಕ್ರೋಮೀಟರ್ ದಪ್ಪ. ಫಿಲ್ಟರಿನ ಎಳೆಗಳ ನಡುವಿನ ಸಂದುಗಳು ಆ ಕಣಗಳಿಗಿಂತ ಎಷ್ಟೋ ದೊಡ್ಡವು. ಮತ್ತೆ ಕಣ ಸಿಕ್ಕಿಬೀಳುವುದು ಹೇಗೆ?

ಗಾಳಿ ಎಳೆಯನ್ನು ಬಳಸಿ ತಿರುಗುತ್ತದೆ. ದಪ್ಪ ಕಣಕ್ಕೆ ಅಷ್ಟು ಬೇಗ ತಿರುಗಲಾಗದು. ಘಾಟಿಯ ತಿರುವಿನಲ್ಲಿ ಬಸ್ಸಿನೊಳಗೆ ನಿಂತವರು ಪಕ್ಕಕ್ಕೆ ವಾಲುವಂತೆ ಅದು ನೇರ ಹೋಗಿ ಎಳೆಗೆ ಬಡಿಯುತ್ತದೆ. ನಡುಗಾತ್ರದ ಕಣ ಎಳೆಯ ಮೈ ಸವರಿ ಹೋಗುವಾಗ ಅಂಟಿಕೊಳ್ಳುತ್ತದೆ. ತೀರಾ ಸಣ್ಣ ಕಣವನ್ನು ಗಾಳಿಯ ಅಣುಗಳು ಅತ್ತಿತ್ತ ತಳ್ಳಾಡಿಸುತ್ತವೆ. ಓಲಾಡುತ್ತ ಅದೂ ಎಳೆಗೆ ತಗಲುತ್ತದೆ. ಈ ಮೂರರಿಂದಲೂ ನುಣುಚಿಕೊಳ್ಳುವ ಚಾಲಾಕಿ ಗಾತ್ರವೊಂದಿದೆ, 0.3 ಮೈಕ್ರೋಮೀಟರಿನ ಆಸುಪಾಸಿನದು. ಅದನ್ನು ಹಿಡಿಯಲೆಂದೇ ಒಳ್ಳೆಯ ಫಿಲ್ಟರುಗಳ ಪಾಲಿಪ್ರೊಪಿಲೀನ್ ಎಳೆಗಳಲ್ಲಿ ವಿದ್ಯುದಂಶ ತುಂಬಿಟ್ಟಿರುತ್ತಾರೆ. ಒಣಗೂದಲು ಬಾಚಿದ ಬಾಚಣಿಗೆ ಕಾಗದದ ಚೂರನ್ನು ಸೆಳೆಯುವಂತೆ ಎಳೆ ಕಣವನ್ನು ಸೆಳೆಯುತ್ತದೆ. ಕೋವಿಡ್ ಕಾಲದಲ್ಲಿ ನಾವು ಧರಿಸಿದ ಎನ್95 ಮಾಸ್ಕಿನದೂ ಇದೇ ಉಪಾಯ. ಅದನ್ನು ಸೋಪಿನಲ್ಲಿ ಒಗೆಯಬೇಡಿ ಎಂದದ್ದು ಇದಕ್ಕೇ: ಸೋಪುನೀರು ಸೋಕಿದರೆ ಆ ಸೆಳೆತ ಸೊರಗುತ್ತದೆ. ಕಂಪ್ರೆಸರ್ ಗಾಳಿ ಹೊಡೆಸಿದರೆ ಎಳೆ ಹರಿದು ಸಂದು ಬೀಳುತ್ತದೆ. ತೊಳೆದ ಫಿಲ್ಟರ್ ನೋಡಲು ಬಿಳಿ, ಕೆಲಸದಲ್ಲಿ ಸೋಮಾರಿ. ತೊಳೆಯಬಹುದು ಎಂದು ತಯಾರಕರೇ ಬರೆದ ಫಿಲ್ಟರುಗಳ ಮಾತು ಬೇರೆ.

ನೆರಿಗೆ ಅಂದಕ್ಕಲ್ಲ. ಆರು ಗಜದ ಸೀರೆ ನೆರಿಗೆಯಾಗಿ ಸೊಂಟದ ಒಂದು ಗೇಣಿನಲ್ಲಿ ಅಡಗುವಂತೆ, ಅಂಗೈ ಎರಡರಷ್ಟು ಚೌಕಟ್ಟಿನಲ್ಲಿ ಹಲವು ಪಟ್ಟು ಹಾಳೆ ಅಡಗಿರುತ್ತದೆ. ಗಾಳಿ ಹರಡಿ ನಿಧಾನವಾಗಿ ದಾಟುತ್ತದೆ. ಬ್ಲೋವರಿಗೆ ದಣಿವು ಕಡಿಮೆ.

ಕಪ್ಪು ಬಣ್ಣದ ಫಿಲ್ಟರಿನಲ್ಲಿ ಸಕ್ರಿಯ ಇದ್ದಿಲೂ ಇರುತ್ತದೆ. ಅದರ ಒಂದು ಗ್ರಾಮಿನ ಒಳಮೈ ಹರಡಿದರೆ 500 ಚದರ ಮೀಟರಿಗೂ ಹೆಚ್ಚು. ಮುಂದಿನ ಲಾರಿಯ ಹೊಗೆಯ ನಾತವನ್ನು ಅದು ತಗ್ಗಿಸುತ್ತದೆ. ಆದರೆ ಕಾರ್ಬನ್ ಮೊನಾಕ್ಸೈಡ್ ಅದಕ್ಕೆ ಬಗ್ಗುವುದಿಲ್ಲ. ಇದ್ದಿಲಿನ ಫಿಲ್ಟರಿದೆ ಎಂದು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿಕೊಂಡು ಮಲಗುವುದು ಪ್ರಾಣಕ್ಕೆ ಕುತ್ತು.

ಕೈಯಾರೆ ಬದಲಿಸುವುದು

ಬಹುಪಾಲು ಕಾರುಗಳಲ್ಲಿ ಇದು ಗ್ಲೋವ್ ಬಾಕ್ಸಿನ ಹಿಂದಿರುತ್ತದೆ. ಕಾಲು ಗಂಟೆಯ ಕೆಲಸ. ಹೆಚ್ಚಿನ ಮಾದರಿಗಳಿಗೆ ಸ್ಕ್ರೂಡ್ರೈವರ್ ಕೂಡ ಬೇಡ. ನಿಮ್ಮ ಕಾರಿನ ಕೈಪಿಡಿಯಲ್ಲಿ ಜಾಗ ಒಮ್ಮೆ ನೋಡಿಕೊಳ್ಳಿ.

ಎಂಜಿನ್, ಬ್ಲೋವರ್ ಎರಡನ್ನೂ ಆರಿಸಿ. ಗ್ಲೋವ್ ಬಾಕ್ಸ್ ಖಾಲಿ ಮಾಡಿ, ಕೆಳಗೆ ಹಳೆಯ ಪೇಪರ್ ಹಾಸಿ. ಬಾಕ್ಸಿನ ಪಕ್ಕದಲ್ಲಿ ದಾರ ಅಥವಾ ಪುಟ್ಟ ಕಡ್ಡಿ ಸಿಕ್ಕಿಸಿದ್ದರೆ ಬಿಡಿಸಿ. ಎರಡೂ ಬದಿಯ ಗೋಡೆಗಳನ್ನು ಒಳಕ್ಕೆ ಅಮುಕಿದರೆ ತಡೆಗಳು ತಪ್ಪಿ ಬಾಕ್ಸ್ ಪೂರ್ತಿ ಕೆಳಗಿಳಿಯುತ್ತದೆ. ಹಿಂದೆ ಉದ್ದನೆಯ ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ. ಅದರ ಕ್ಲಿಪ್ಪುಗಳನ್ನು ಚಿವುಟಿ ಹಿಡಿದು ಎಳೆಯಿರಿ.

ಹಳೆಯದನ್ನು ಹೊರತೆಗೆಯುವ ಮುನ್ನ ಅದು ಕೂತ ಭಂಗಿಯ ಫೋಟೊ ತೆಗೆದುಕೊಳ್ಳಿ. ಎಳೆಯುವಾಗ ಓರೆ ಮಾಡಬೇಡಿ, ಕಸ ಬ್ಲೋವರಿನೊಳಗೆ ಉದುರುತ್ತದೆ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಾದರೆ ಕಡಲೆಕಾಯಿ ಸಿಪ್ಪೆ, ಕಚ್ಚಿದ ನೆರಿಗೆ ಕಂಡೀತು. ಇಲಿ ಬಾಡಿಗೆಗಿತ್ತು ಎಂದರ್ಥ. ಫಿಲ್ಟರ್ ಕೂರುವ ಗೂಡನ್ನು ಒಣಬಟ್ಟೆಯಿಂದಲೋ ವ್ಯಾಕ್ಯೂಮ್ ಕ್ಲೀನರಿನಿಂದಲೋ ಸ್ವಚ್ಛ ಮಾಡಿ. ಹೊಸ ಫಿಲ್ಟರಿನ ಅಂಚಿನಲ್ಲಿ ಬಾಣದ ಗುರುತಿರುತ್ತದೆ. ಅದು ಗಾಳಿ ಹರಿಯುವ ದಿಕ್ಕು, ಫೋಟೊದಲ್ಲಿರುವಂತೆಯೇ ಕೂರಿಸಿ. ಅಂಚಿನಲ್ಲಿ ಸಂದು ಉಳಿದರೆ ಗಾಳಿ ಆ ಸುಲಭದ ದಾರಿಯನ್ನೇ ಹಿಡಿಯುತ್ತದೆ.

ಎಲ್ಲ ಮುಚ್ಚಿ ಬ್ಲೋವರನ್ನು ಪೂರ್ತಿ ವೇಗಕ್ಕೆ ಹಾಕಿ ಕಿವಿಗೊಡಿ. ಟಕಟಕ ಸದ್ದು ಬಂದರೆ ಎಲೆಯ ತೊಟ್ಟೊಂದು ಒಳಗೆ ಬಿದ್ದಿದೆ, ಮತ್ತೆ ತೆಗೆಯಲೇಬೇಕು. ಹೊಸ ಫಿಲ್ಟರ್ ಹಾಕಿದ ಮೇಲೂ ಕಮಟು ಹೋಗದಿದ್ದರೆ ತೊಂದರೆ ಇವ್ಯಾಪರೇಟರಿನದೋ ನೀರು ಹೊರಹೋಗುವ ಕೊಳವೆಯದೋ. ಅದು ಮೆಕ್ಯಾನಿಕ್ ನೋಡಬೇಕಾದದ್ದು.

ಯಾವಾಗ?

ಸಾಮಾನ್ಯವಾಗಿ 10,000ದಿಂದ 15,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ. ಸಂಡೂರಿನ ಅದಿರು ಲಾರಿಗಳ ಹಿಂದೆ ದಿನವೂ ಓಡುವ ಕಾರಿಗೆ ಇನ್ನೂ ಬೇಗ. ನೆರಿಗೆ ಬೂದುಬಣ್ಣವಾದ ಮಾತ್ರಕ್ಕೆ ಕೆಟ್ಟಿತೆಂದಲ್ಲ, ಧೂಳು ಹಿಡಿಯುವುದೇ ಅದರ ಕೆಲಸ. ಬ್ಲೋವರ್ ಅರಚುತ್ತಿದ್ದರೂ ಗಾಳಿ ಸೊರಗಿದ್ದರೆ, ಮಳೆಗಾಲದ ಆಗುಂಬೆ ಘಾಟಿಯಲ್ಲಿ ಗಾಜಿನ ಮಂಜು ಬೇಗ ಕರಗದಿದ್ದರೆ, ಆಗ ಕಾಲ ಮುಗಿಯಿತೆಂದು ತಿಳಿಯಿರಿ.

ನಾನು ಹೊಸ ಫಿಲ್ಟರಿನ ಚೌಕಟ್ಟಿನ ಮೇಲೆ ಪೆನ್ನಿನಲ್ಲಿ ತಾರೀಕು, ಕಿಲೋಮೀಟರು ಬರೆದಿಡುತ್ತೇನೆ. ಬದಲಿಸುವ ದಿನ ಈಗಲೂ ಅದೇ, ಆಯುಧಪೂಜೆಯ ಹಿಂದಿನ ಸಂಜೆ. ಮಳೆಗಾಲ ಮುಗಿದಿರುತ್ತದೆ, ಜಾಲರಿಯ ಕೊಳೆತ ಎಲೆ ಬಾಚಲೂ ಅದೇ ಹೊತ್ತು. ಕಾರು ಇಡಿಯಾಗಿ ಸ್ನಾನ ಮಾಡುತ್ತದೆ. ಹಳೆಯ ಫಿಲ್ಟರ್ ಮಾತ್ರ ನೀರು ಕಾಣದೆ, ಕೊಳೆಯ ಸಮೇತ ಕಸದ ಬುಟ್ಟಿಗೆ ಹೋಗುತ್ತದೆ.