ಹಳೇ ಹೆಸರೋ, ಹೊಸ ಕಾರೋ?

ನೂರು ವರ್ಷ ದಾಟಿದ ಹೆಸರಿನ ಎದುರು
ಹೊಸಬ ಬಂದು ಗೆಲ್ಲೋಕಾಗುತ್ತಾ?

ಹಡಗಲಿ ಹತ್ತಿರದ ಮಾಗಳದ ಕಡೆಯವರಿಗೆ ಉತ್ತರ ಗೊತ್ತೇ ಇದೆ.
ಹಡಗಲಿ ಮಲ್ಲಿಗೆ ತಗೊಂಡಿರ್ತೀರಲ್ರಿ?
ಹಳೇ ಅಂಗಡಿಯಲ್ಲಿ ಒಂದು ಮೊಳ ಅಂದ್ರೆ ಒಂದೇ ಮೊಳ.
ಹೊಸಬರು ಮೊಳ ಅಳೆದು,
ಮೇಲೊಂದು ಗೇಣು ಬಿಡಬೇಕು.
ಆಗಲೇ ಗಿರಾಕಿ ತಿರುಗಿ ನೋಡೋದು.

ಲಕ್ಸುರಿ ಕಾರಲ್ಲೂ ಹಂಗೇ.
1886ರಲ್ಲಿ ಕಾರ್ಲ್ ಬೆಂಜ್
ತಮ್ಮ ಮೋಟಾರು ಗಾಡಿಗೆ ಪೇಟೆಂಟ್ ತಗೊಂಡ್ರು.
ಇವತ್ತಿಗೂ ಬೆಂಜ್ ಅಂದ್ರೆ ಸಾಕು,
ಹೆಸರೇ ಮಾತಾಡುತ್ತೆ.

ಲೆಕ್ಸಸ್ ಕಾರು ಬಂದಿದ್ದು 1989ರಲ್ಲಿ.
ಟೊಯೋಟಾದವರ ಹೊಸ ಬ್ರ್ಯಾಂಡು.
ಜಾಹೀರಾತಲ್ಲಿ ಏನು ಮಾಡಿದ್ರು ಗೊತ್ತಾ?
ಬಾನೆಟ್ ಮೇಲೆ ಗಾಜಿನ ಗ್ಲಾಸುಗಳ ಗೋಪುರ ಕಟ್ಟಿ,
ರೋಲರ್ ಮೇಲೆ ಚಕ್ರ ಜೋರಾಗಿ ತಿರುಗಿಸಿದ್ರು.
ಒಂದು ಗ್ಲಾಸೂ ಬೀಳಲಿಲ್ಲ!

ಅದೇ ವರ್ಷ ಕಾರಲ್ಲಿ ದೋಷ ಸಿಕ್ತು.
ಸುಮಾರು 8,000 ಕಾರು ವಾಪಸ್ ತರಿಸಿ,
ಸರಿಮಾಡಿ, ತೊಳೆದು,
ಟ್ಯಾಂಕ್ ತುಂಬಿಸಿ ಕೊಟ್ರು.
ಅದೇ ನೋಡ್ರಿ, ಆ ಗೇಣು ಹೂವು.

ಇನ್ನೊಂದು ಹೆಮ್ಮೆಯ ಮಾತು.
2020ರಲ್ಲಿ ಲೆಕ್ಸಸ್ ಇಎಸ್ ಸೆಡಾನ್ ಜೋಡಣೆ
ನಮ್ಮ ಬಿಡದಿಯಲ್ಲೇ ಶುರುವಾಯ್ತು.

ಹಂಗಾದ್ರೆ ಯಾವುದು ತಗೋಬೇಕು?
ಬರೀ ಲೋಗೋ ನೋಡಿ ದುಡ್ಡು ಸುರೀಬೇಡ್ರಿ.
ಮೂರು ಪ್ರಶ್ನೆ ಕೇಳ್ರಿ.
ನಮ್ಮೂರಿಂದ ಸರ್ವಿಸ್ ಸೆಂಟರ್ ಎಷ್ಟು ದೂರ?
ಬಿಡಿಭಾಗ ಎಷ್ಟು ದಿನಕ್ಕೆ ಸಿಗುತ್ತೆ?
ಐದು ವರ್ಷ ಬಿಟ್ಟು ಮಾರಿದ್ರೆ ಕೈಗೆಷ್ಟು ಬರುತ್ತೆ?

ಹಳೇ ಹೆಸರಿಗೆ ಮರ್ಯಾದೆ ಕೊಡೋಣ.
ಹೊಸಬರು ಬಿಡೋ ಗೇಣನ್ನೂ
ಅಳೆದು ನೋಡೋಣ.