ಕಾಟಾ ಹತ್ತಿದ ಕಬ್ಬು ಅಂಕಿಯಾಗುವುದು ಹೇಗೆ?

ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಬೀಳಗಿ ಕಡೆ ಹೋದರೆ ರಸ್ತೆಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲನ್ನು ಕಾಣುತ್ತೀರಿ. ಕಾರ್ಖಾನೆಯ ಬಾಗಿಲಲ್ಲಿ ಅವೆಲ್ಲ ಒಂದು ಕಬ್ಬಿಣದ ವೇದಿಕೆ ಹತ್ತಿ ಇಳಿಯಬೇಕು. ಅದೇ ವೇಬ್ರಿಡ್ಜ್, ಆ ಕಡೆಯ ಜನರ ಬಾಯಲ್ಲಿ ಕಾಟಾ. ಒಂದು ಕುಟುಂಬದ ವರ್ಷದ ಬೆವರಿಗೆ ಬೆಲೆ ಕಟ್ಟುವುದು ಅಲ್ಲಿ ಮೂಡುವ ಅಂಕಿ. ಆ ಅಂಕಿ ಎಲ್ಲಿಂದ ಬರುತ್ತದೆಂದು ಎಂದಾದರೂ ಯೋಚಿಸಿದ್ದೀರಾ?

ವೇದಿಕೆಯ ಅಡಿಯಲ್ಲಿ ಲೋಡ್ ಸೆಲ್ ಎಂಬ ಉಕ್ಕಿನ ಗಟ್ಟಿಗಳಿರುತ್ತವೆ. ಭಾರ ಬಿದ್ದಾಗ ಉಕ್ಕು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳು ಲೋಹದ ಎಳೆಗಳು ಹಿಗ್ಗಿ ಕುಗ್ಗಿ, ವಿದ್ಯುತ್ತಿಗೆ ಅವು ಒಡ್ಡುವ ತಡೆ ಬದಲಾಗುತ್ತದೆ. 10 ವೋಲ್ಟ್ ಕೊಟ್ಟರೆ, ಪೂರ್ತಿ ಭಾರ ಹೊತ್ತಾಗಲೂ ಸಾಮಾನ್ಯವಾಗಿ ಹೊರಬರುವುದು 20 ಮಿಲಿವೋಲ್ಟ್ ಮಾತ್ರ. ನಿಮ್ಮ ಗೋಡೆ ಗಡಿಯಾರದ ಸೆಲ್ ಇದರ 75 ಪಟ್ಟು ಬಲಶಾಲಿ! 60 ಟನ್ ಕಾಟಾದಲ್ಲಿ 10 ಕಿಲೋ ವ್ಯತ್ಯಾಸ ತಿಳಿಯಬೇಕಾದರೆ ಇಷ್ಟು ಸಣ್ಣ ವಿದ್ಯುತ್ತನ್ನು 6,000 ಪಾಲು ಮಾಡಬೇಕು.

ಈ ಕೆಲಸ ಮಾಡುವುದು ಅನಲಾಗನ್ನು ಡಿಜಿಟಲ್ ಆಗಿಸುವ ಪುಟ್ಟ ಚಿಪ್. ಅನಲಾಗ್ ಎಂದರೆ ಇಳಿಜಾರು, ಡಿಜಿಟಲ್ ಎಂದರೆ ಮೆಟ್ಟಿಲು. 8 ಬಿಟ್‌ನ ಚಿಪ್‌ಗೆ 256 ಮೆಟ್ಟಿಲು, 16 ಬಿಟ್‌ಗೆ 65,536, 24 ಬಿಟ್‌ಗೆ ಸುಮಾರು 1.67 ಕೋಟಿ. ಆದರೆ ಮೆಟ್ಟಿಲು ಹೆಚ್ಚಿಸಿದ ಮಾತ್ರಕ್ಕೆ ವಿನ್ಯಾಸಕಾರರ ತಲೆನೋವು ತೀರುವುದಿಲ್ಲ. ಬಿಸಿಗೆ ತಂತಿಯೊಳಗಿನ ಎಲೆಕ್ಟ್ರಾನುಗಳೇ ನಡುಗುತ್ತವೆ; ಪಕ್ಕದ ಮೋಟಾರಿನ ಗದ್ದಲ ಬೇರೆ. ಇದಕ್ಕೆ ಜಪಾನಿನ ಎಂಜಿನಿಯರುಗಳು 1962ರಲ್ಲಿ ಪ್ರಕಟಿಸಿದ ಉಪಾಯ ಸೊಗಸಾಗಿದೆ. ಚಿಪ್ ಕೇಳುವುದು ಒಂದೇ ಪ್ರಶ್ನೆ: ಹೆಚ್ಚೋ, ಕಡಿಮೆಯೋ? ಉತ್ತರದಲ್ಲಿ ಉಳಿದ ತಪ್ಪನ್ನು ಮುಂದಿನ ಪ್ರಶ್ನೆಗೆ ಸೇರಿಸಿಕೊಂಡು ಸೆಕೆಂಡಿಗೆ ಸಾವಿರಾರು ಸಲ ಅದನ್ನೇ ಕೇಳಿ ಸರಾಸರಿ ತೆಗೆಯುತ್ತದೆ. ಅಂತಿಮ ಅಂಕಿ ಬರುವುದು ತುಸು ನಿಧಾನ, ನಿಜ. ಆದರೆ ಟ್ರ್ಯಾಕ್ಟರ್ ಎಲ್ಲಿಗೆ ಓಡಿಹೋಗುತ್ತದೆ? 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಇಂಥ ಪರಿವರ್ತಕಗಳ ವಿನ್ಯಾಸ ಇಂದು ನಮ್ಮ ರಾಜ್ಯದಲ್ಲೂ ನಡೆಯುತ್ತದೆ. ರಬಕವಿ-ಬನಹಟ್ಟಿಯಲ್ಲಿ ನೂಲು ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲೂ ಇದೇ ಜಾತಿಯ ಚಿಪ್ ಕುಳಿತಿದೆ.

2025-26ಕ್ಕೆ ಕೇಂದ್ರ ಸರಕಾರ ಶೇ. 10.25 ಇಳುವರಿಯ ಕಬ್ಬಿಗೆ ಕ್ವಿಂಟಾಲಿಗೆ 355 ರೂ. ನಿಗದಿ ಮಾಡಿತ್ತು. ಆ ದರದಲ್ಲಿ 20 ಟನ್ ಹೇರಿಗೆ ಶೇ. 1ರ ತಪ್ಪೆಂದರೆ 710 ರೂ. ಖೋತಾ. ತಾನಾಗಿ ಸುಳ್ಳು ಹೇಳುವುದು ಚಿಪ್‌ಗೆ ಗೊತ್ತಿಲ್ಲ. ಆದರೆ ಅದರ ಎಣಿಕೆಯನ್ನು ಕಿಲೋಗೆ ಬದಲಾಯಿಸುವ ಲೆಕ್ಕವನ್ನು ಮನುಷ್ಯರೇ ತುಂಬುತ್ತಾರೆ. ಕಾನೂನು ಮಾಪನ ಇಲಾಖೆ ವರ್ಷಕ್ಕೊಮ್ಮೆ ಪರಿಶೀಲಿಸಿ ಮುದ್ರೆ ಹಾಕಬೇಕೆಂಬ ನಿಯಮವಿರುವುದು ಅದಕ್ಕಾಗಿಯೇ. ನಿಮ್ಮ ಮನೆಯವರ ಕಬ್ಬು ಹೋಗುವುದಾದರೆ, ಗಾಡಿ ಹತ್ತುವ ಮೊದಲು ಪರದೆಯಲ್ಲಿ ಸೊನ್ನೆ ಇದೆಯೇ ನೋಡಲು ಹೇಳಿ. ಖಾಲಿ ಗಾಡಿಯ ತೂಕವನ್ನೂ ನೋಡಲಿ, ಚೀಟಿ ಇಟ್ಟುಕೊಳ್ಳಲಿ. ವೇದಿಕೆಯ ಸಂದಿಯಲ್ಲಿ ಮಣ್ಣು, ರವದಿ ಸಿಕ್ಕಿಕೊಂಡಿದ್ದರೆ ಮೊದಲು ತೆಗೆಸಲಿ. ಅದು ಹೊರುವ ಭಾರ ಲೋಡ್ ಸೆಲ್‌ಗೆ ಮುಟ್ಟುವುದೇ ಇಲ್ಲ, ಮುಟ್ಟದ್ದನ್ನು ಎಂಥ ಚಿಪ್ ಕೂಡ ಎಣಿಸಲಾರದು.