ಕಾವೇರಿ ಮನೆಗೆ ಬಂದ ಮೇಲೆ

‘ಶರಪಂಜರ’ದ ಕಾವೇರಿಗೆ ಕಾಯಿಲೆ ವಾಸಿಯಾಗುತ್ತದೆ. ಸಿನಿಮಾ ನೋಡಿದ ಬಹಳ ಮಂದಿ ಈ ಸಂಗತಿಯನ್ನೇ ಮರೆತಿದ್ದಾರೆ. ಕೆದರಿದ ಕೂದಲು, ಕಾವೇರಿಯಾದ ಕಲ್ಪನಾ ಅವರ ನಗು, ಆ ಕೂಗು ಇವಿಷ್ಟೇ ಕಣ್ಣಿಗೆ ಕಟ್ಟಿವೆ. ಹೆರಿಗೆಯಾದ ಮೇಲೆ ಮನಸ್ಸಿನ ಹದ ತಪ್ಪಿದ ಹೆಣ್ಣುಮಗಳು ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಮನೆಗೇ ಅವಳ ಮೇಲೆ ನಂಬಿಕೆ ಬರುವುದಿಲ್ಲ. ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಗಂಡನ ಮನಸ್ಸು ಅಷ್ಟರಲ್ಲಿ ಇನ್ನೊಬ್ಬಳ ಕಡೆ ಹೊರಳಿರುತ್ತದೆ. ಅದು ಗೊತ್ತಾದಾಗ ಕಾವೇರಿ ಮತ್ತೆ ಕುಸಿಯುತ್ತಾಳೆ. ಚಿಕಿತ್ಸೆ ಗೆದ್ದಿತ್ತು, ಸೋತದ್ದು ಮನೆ.

ಈ ಸಿನಿಮಾಕ್ಕೆ ಮೂಲವಾದ ಕಾದಂಬರಿ ಬರೆದ ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ಊರ ಬಾಯಲ್ಲಿ ಈ ಕಾಯಿಲೆಗಿದ್ದ ಹೆಸರು ಬಾಣಂತಿ ಸನ್ನಿ. ಗಾಳಿ ಸೋಕಿದೆ ಎನ್ನುವವರು ಒಬ್ಬರು, ಯಾರದೋ ಕಣ್ಣು ಬಿದ್ದಿದೆ ಎನ್ನುವವರು ಇನ್ನೊಬ್ಬರು. ಮಂತ್ರಿಸಿದ ದಾರ, ಬೇವಿನ ಸೊಪ್ಪಿನ ಏಟು ಎಲ್ಲ ಮುಗಿದು, ಕೈಚೆಲ್ಲಿದ ಮೇಲೆ ಆಸ್ಪತ್ರೆ. ತ್ರಿವೇಣಿ ಅದೇ ಸನ್ನಿಗೆ ಕಾರಣ ಹುಡುಕಿದರು, ಅದನ್ನು ಅನುಭವಿಸುವವಳಿಗೆ ಹೆಸರು ಕೊಟ್ಟರು, ನೆನಪು ಕೊಟ್ಟರು. ಅವರು 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಮಲಯಾಳದಲ್ಲಿ, ‘ಬೆಳ್ಳಿಮೋಡ’ವನ್ನು ಕನ್ನಡದಲ್ಲಿ ಮಾಡಿದ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ಶರಪಂಜರ’ವನ್ನು ತೆರೆಗೆ ತಂದರು. ಮನೋರೋಗದ ಬಗ್ಗೆ ಇಷ್ಟು ನೇರವಾಗಿ ಮಾತಾಡಿದ ಸಿನಿಮಾವನ್ನು ಕನ್ನಡಿಗರು ಮುಗಿಬಿದ್ದು ನೋಡಿದರು.

ಹತ್ತು ವರ್ಷಕ್ಕೆ ಅದೇ ಪುಟ್ಟಣ್ಣ ‘ಮಾನಸ ಸರೋವರ’ ಮಾಡಿದಾಗ ಗಮನ ರೋಗಿಯಿಂದ ವೈದ್ಯನ ಕಡೆ ತಿರುಗಿತ್ತು. ಮನೋವೈದ್ಯ ತಾನು ಗುಣಪಡಿಸಿದ ಹುಡುಗಿಯನ್ನೇ ಪ್ರೀತಿಸುತ್ತಾನೆ, ಅವಳು ಇನ್ನೊಬ್ಬನನ್ನು ಒಲಿದಾಗ ತಾನೇ ಹುಚ್ಚನಾಗುತ್ತಾನೆ. ಈ ಎಳೆಗೆ ಹಳೆಯ ನೆಂಟರಿದ್ದಾರೆ. 1959ರ ಬಂಗಾಳಿ ‘ದೀಪ್ ಜ್ವೇಲೆ ಜಾಯ್’, ಅದನ್ನೇ ಅಸಿತ್ ಸೇನ್ ಹಿಂದಿಯಲ್ಲಿ ಮಾಡಿದ 1969ರ ‘ಖಾಮೋಶಿ’. ಅಲ್ಲಿ ನರ್ಸ್ ಪ್ರೀತಿಯ ನಟನೆ ಮಾಡಿ ರೋಗಿಯನ್ನು ಉಳಿಸುತ್ತಾಳೆ, ಕೊನೆಗೆ ತಾನೇ ರೋಗಿಯಾಗುತ್ತಾಳೆ. ವೈದ್ಯನಾದ ಶ್ರೀನಾಥ್, ನರ್ಸ್ ಆದ ವಹೀದಾ ರೆಹಮಾನ್ ಇಬ್ಬರ ಅಭಿನಯವೂ ಕರುಳು ಹಿಂಡುತ್ತದೆ, ಒಪ್ಪುತ್ತೇನೆ. ಆದರೆ ವೈದ್ಯ ರೋಗಿಯನ್ನು ಪ್ರೇಮಿಸುವುದು ಆ ವೃತ್ತಿಯಲ್ಲಿ ದೊಡ್ಡ ತಪ್ಪು. ಸಿನಿಮಾ ಅದನ್ನು ತ್ಯಾಗವೆಂದು ತೋರಿಸಿತು. ನಿತ್ಯ ನುಂಗಬೇಕಾದ ಮಾತ್ರೆಗೆ, ತಿಂಗಳಿಗೊಮ್ಮೆ ಹೋಗಬೇಕಾದ ಓಪಿಡಿಗೆ ಅಲ್ಲಿ ಜಾಗವೇ ಇಲ್ಲ.

ಆಮೇಲೆ ಬಂದವಳು ನಾಗವಲ್ಲಿ. ಫಾಝಿಲ್ ಅವರ ಮಲಯಾಳ ಸಿನಿಮಾ ‘ಮಣಿಚಿತ್ರತಾಳ್’ 1993ರದ್ದು. ಪಿ. ವಾಸು ಅದನ್ನು 2004ರಲ್ಲಿ ‘ಆಪ್ತಮಿತ್ರ’ವಾಗಿಸಿದರು. ತಾನೇ ಸತ್ತ ನಾಗವಲ್ಲಿ ಎಂದು ನಂಬಿ ಆಡುವ ಗಂಗಾಳಿಗೆ ಹಿಡಿದಿರುವುದು ದೆವ್ವವಲ್ಲ, ಕಾಯಿಲೆ ಎಂದು ವಿಷ್ಣುವರ್ಧನ್ ಅವರ ಮನೋವೈದ್ಯನ ಬಾಯಲ್ಲಿ ಹೇಳಿಸಿದ್ದು ಸಣ್ಣ ಮಾತಲ್ಲ. ಹಾಗೆ ಹೇಳಿದ ಸಿನಿಮಾ ಗುಣಪಡಿಸುವ ಹೊತ್ತಿಗೆ ಮತ್ತೆ ಮಾಂತ್ರಿಕರ ಮಂಡಲಕ್ಕೇ ಹೋಯಿತು: ಹೋಮದ ಹೊಗೆಯ ನಡುವೆ ನಾಗವಲ್ಲಿಯ ಸೇಡು ತೀರಿತೆಂದು ನಂಬಿಸಿ ಗಂಗಾಳನ್ನು ಬಿಡಿಸಿಕೊಳ್ಳುತ್ತಾರೆ. ಒಂದೇ ರಾತ್ರಿಗೆ ಎಲ್ಲ ಸರಿ. ಸೌಂದರ್ಯಾ ಆ ಪಾತ್ರಕ್ಕೆ ಜೀವ ತುಂಬಿದ್ದರು, ಬಿಡುಗಡೆಗೆ ಮುನ್ನವೇ ತೀರಿಕೊಂಡರು. ಜನರ ಬಾಯಲ್ಲಿ ಮಾತ್ರ ಉಳಿದದ್ದು ಗಂಗಾಳ ನೋವಲ್ಲ. ಸಿಟ್ಟು ಬಂದ ಹೆಂಗಸಿಗೆ ‘ಏನೇ, ನಾಗವಲ್ಲಿ ಥರ ಆಡ್ತೀಯ’ ಅನ್ನುವುದು ರೂಢಿಯಾಯಿತು.

‘ಕರೆಂಟು ಕೊಡುವುದು’ ಎಂಬ ಮಾತಿನ ಗತಿ ಇನ್ನೂ ಕೆಟ್ಟದ್ದು. ಮಿದುಳಿಗೆ ವಿದ್ಯುತ್ ಹಾಯಿಸುವ ಈ ಚಿಕಿತ್ಸೆ ಶುರುವಾದದ್ದು 1938ರಲ್ಲಿ, ರೋಮ್‌ನಲ್ಲಿ. ಮೊದಲಿಗೆ ಅರಿವಳಿಕೆ ಇಲ್ಲದೆ ಕೊಡುತ್ತಿದ್ದರು, ರೋಗಿಯ ಮೈ ಜೋರಾಗಿ ಸೆಟೆದು ನಡುಗುತ್ತಿತ್ತು. 1975ರ ‘ಒನ್ ಫ್ಲ್ಯೂ ಓವರ್ ದ ಕುಕೂಸ್ ನೆಸ್ಟ್’ ಅದನ್ನು ಶಿಕ್ಷೆಯಾಗಿ ತೋರಿಸಿ ಜಗತ್ತಿನ ಕಣ್ಣಿನಲ್ಲಿ ಅಚ್ಚೊತ್ತಿತು. ನಮ್ಮ ಸಿನಿಮಾಗಳೂ ಕೈಕಾಲು ಕಟ್ಟಿ ಕಿರುಚಿಸುವ ದೃಶ್ಯವನ್ನು ಬಿಡಲಿಲ್ಲ. ಈಗ ಆಸ್ಪತ್ರೆಯಲ್ಲಿ ರೋಗಿಗೆ ಅರಿವಳಿಕೆ ಕೊಡುತ್ತಾರೆ, ಸ್ನಾಯು ಸಡಿಲವಾಗುವ ಔಷಧ ಕೊಡುತ್ತಾರೆ, ಮೈ ಅಲುಗಾಡುವುದು ಅಷ್ಟಕ್ಕಷ್ಟೇ. ಇವೆರಡಿಲ್ಲದೆ ಕರೆಂಟು ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ತೀವ್ರ ಖಿನ್ನತೆಯಲ್ಲಿ, ಸಾಯುವ ಯೋಚನೆ ಬಿಡದೆ ಕಾಡುವಾಗ ಜೀವ ಉಳಿಸುವ ಚಿಕಿತ್ಸೆ ಇದು. ತೆರೆಯ ಮೇಲೆ ನೋಡಿದ ಭಯಕ್ಕೆ ಇದನ್ನು ಬೇಡ ಎನ್ನುವ ಮನೆಗಳಿವೆ, ಅದು ನನಗೆ ಬಹಳ ಸಂಕಟದ ವಿಷಯ.

ಕಾವೇರಿಯಂಥವರಿಗೆ ಒಂದು ಉತ್ತರ ಸಿಕ್ಕಿದ್ದು ಸಿನಿಮಾದಲ್ಲಲ್ಲ, ಬೆಂಗಳೂರಿನ ಹೊಸೂರು ರಸ್ತೆಯಲ್ಲಿ. ಬಾಣಂತಿಯನ್ನು ಮಗುವಿನಿಂದ ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡನ್ನು ನಿಮ್ಹಾನ್ಸ್ 2009ರಲ್ಲಿ ಆರಂಭಿಸಿತು. ತಾಯಿ ಔಷಧದ ಜತೆಗೇ ಮಗುವನ್ನು ಎತ್ತಿಕೊಳ್ಳುವ, ಆಡಿಸುವ ಧೈರ್ಯವನ್ನೂ ಅಲ್ಲಿ ಮರಳಿ ಪಡೆಯುತ್ತಾಳೆ.

ಬಾಣಂತನಕ್ಕೆ ಬಂದ ಮಗಳು ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕೂತಿದ್ದರೆ, ಮಗುವನ್ನು ಮುಟ್ಟಲು ಹೆದರುತ್ತಿದ್ದರೆ, ಇಲ್ಲದ ದನಿ ಕೇಳುತ್ತಿದೆ ಎನ್ನುತ್ತಿದ್ದರೆ, ದಾರ ಕಟ್ಟಿಸಲು ಓಡಬೇಡಿ. ಬೇಗ ಆಸ್ಪತ್ರೆಗೆ ಕರೆದೊಯ್ಯಿರಿ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಅವಳು ಗುಣವಾಗಿ ಬಂದ ದಿನ, ದಯವಿಟ್ಟು, ಮಗುವನ್ನು ಅವಳ ಕೈಗೆ ಕೊಡಿ.